ಒಂಬತ್ತು ಸಲ ಅಳತೆ ಕೊಟ್ಟವಳು

ಗೊಂಬೆ ಕಂಪ್ಯೂಟರ್ ತೆರೆಯ ಮೇಲೆ ಮೂಡಲು ನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಚಿಕ್ಕ ಟೈಲರ್ ಕತ್ತರಿಸುವ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಮೊದಲು ಕಾಲು ಬಂತು, ಆಮೇಲೆ ಸೊಂಟ, ಆಮೇಲೆ ಭುಜ. ಮುಖ ಬರಲಿಲ್ಲ, ಅದಕ್ಕೆ ಮೊದಲಿನಿಂದಲೂ ಮುಖವಿರಲಿಲ್ಲ. ತಲೆಯ ಜಾಗದಲ್ಲಿ ಮೊಟ್ಟೆಯಂಥದ್ದೊಂದು ಇತ್ತು, ಅಷ್ಟೆ.

"ಬಂತಲ್ಲ ನಿಮ್ಮ ಗೊಂಬೆ," ಎಂದರು ಕಂಪ್ಯೂಟರ್ ಟೀಚರ್. "ಇನ್ನಾದ್ರೂ ಕೂತ್ಕೊಳ್ರೀ. ನೀವು ಹೀಗೆ ತಲೆ ಮೇಲೆ ನಿಂತಿದ್ರೆ ನನಗೂ ಕೈ ಓಡಲ್ಲ, ಅದಕ್ಕೂ ಓಡಲ್ಲ."

"ಬಣ್ಣ ಬೇರೆ ಆಗಿದೆ ಟೀಚರ್."

ಆಗಿತ್ತು. ಇಷ್ಟು ವರ್ಷ ಗೋಧಿ ಬಣ್ಣದಲ್ಲಿದ್ದ ಮೈ ಈಗ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೊದಲು ಬಲಕ್ಕೆ ಸುತ್ತುತ್ತಿದ್ದ ಗೊಂಬೆ ಈಗ ಎಡಕ್ಕೆ ಸುತ್ತುತ್ತಿತ್ತು. ಬೆನ್ನು ತೋರಿಸಿ, ಮಗ್ಗುಲು ತೋರಿಸಿ, ಮತ್ತೆ ಇಲ್ಲದ ಮುಖವನ್ನು ಇವರ ಕಡೆ ತಿರುಗಿಸುತ್ತಿತ್ತು.

"ಬಣ್ಣ ಕಟ್ಕೊಂಡು ಏನ್ ಮಾಡ್ತೀರಿ? ಅಳತೆ ಸರಿ ಇದೆಯಾ ನೋಡಿ," ಎಂದರು ಟೀಚರ್.

ಅಳತೆ ಸರಿಯಾಗಿತ್ತು. ಎದೆ ಮೂವತ್ತಾರು, ಸೊಂಟ ಮೂವತ್ತು, ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಕೆಳಗೆ. ಚಿಕ್ಕ ಟೈಲರ್ ಅದನ್ನು ನೋಡಿಯೇ ಸ್ಟೂಲಿನ ಮೇಲೆ ಕೂತದ್ದು. ಆ ಇಳಿದ ಭುಜ ಅವಳ ಅಕ್ಕನದು.

ಅಂದು ಭಾನುವಾರ, ಅಂಗಡಿಗೆ ರಜೆ. ಷಟರ್ ಅರ್ಧ ಇಳಿಸಿದ್ದರು. ಅದರ ಕೆಳಗಿನಿಂದ ಬೀದಿಯಲ್ಲಿ ಹೋಗುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಅಕ್ಕ ಇದ್ದಾಗ ಅವಳು ದೊಡ್ಡ ಟೈಲರ್, ಇವಳು ಚಿಕ್ಕ ಟೈಲರ್. ಅಕ್ಕ ಹೋಗಿ ನಾಲ್ಕು ವರ್ಷವಾದರೂ ಯಾರೂ ಇವಳಿಗೆ ಬಡ್ತಿ ಕೊಟ್ಟಿರಲಿಲ್ಲ. ಇವಳೂ ಕೇಳಿರಲಿಲ್ಲ.

ಕಷ್ಟ ಶುರುವಾದದ್ದು ವಿಂಡೋಸ್‌ನಿಂದ. ದಿನಾ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಸಾಕು, ನಿನ್ನ ವಿಂಡೋಸ್‌ಗೆ ವಯಸ್ಸಾಯಿತು, ಇನ್ನು ನಾವು ಜವಾಬ್ದಾರರಲ್ಲ ಎಂಬ ನೋಟೀಸು ಬಂದು ಕೂರುತ್ತಿತ್ತು. ಹೊಸ ವಿಂಡೋಸ್ ಈ ಹಳೆಯ ಪೆಟ್ಟಿಗೆಯ ಮೇಲೆ ಕೂರುವುದಿಲ್ಲವಂತೆ. ಹೊಸ ಪೆಟ್ಟಿಗೆ ತಂದರೆ ಅಳತೆಯಿಂದ ಬಟ್ಟೆಯ ಆಕಾರ ತೆಗೆದುಕೊಡುವ ಕಟಿಂಗ್ ಪ್ರೋಗ್ರಾಂ ಅದರಲ್ಲಿ ತೆರೆಯುವುದಿಲ್ಲವಂತೆ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷಗಳಾಗಿದ್ದವು. ಅಕ್ಕನಾದರೆ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಕತ್ತರಿಸಿಬಿಡುತ್ತಿದ್ದಳು. ಇವಳ ಕೈ ಹೊಲಿಗೆಯ ಕೈ. ಮುಂದಿನ ವಾರ ಆಸ್ಪತ್ರೆಯ ಎಂಬತ್ತು ಬಿಳಿ ಕೋಟುಗಳನ್ನು ಕತ್ತರಿಸಬೇಕು. ಕಳೆದ ವಾರ ಕಂಪ್ಯೂಟರ್ ಎರಡು ಸಲ ಕೆಲಸದ ನಡುವೆಯೇ ಕಪ್ಪಾಗಿ ಕೂತಿತ್ತು.

ಹದಿನೈದು ವರ್ಷಗಳಿಂದ ಇಲ್ಲೇ ಬಟ್ಟೆ ಹೊಲಿಸುತ್ತಿದ್ದ ಟೀಚರ್ ವಿಷಯ ಕೇಳಿ, ವಿಂಡೋಸ್ ತೆಗೆದು ಲಿನಕ್ಸ್ ಹಾಕೋಣ, ಇದೇ ಪೆಟ್ಟಿಗೆ ಇನ್ನೂ ಐದು ವರ್ಷ ಓಡುತ್ತದೆ ಎಂದಿದ್ದರು.

"ನನ್ನ ಪ್ರೋಗ್ರಾಂ ಅದರಲ್ಲಿ ನಡೆಯುತ್ತಾ?" ಎಂದು ಇವಳು ಕೇಳಿದ್ದಳು.

"ನಡೆಸೋಣ. ಅದಕ್ಕೆ ಮನೆ ಬದಲಾಗಿದ್ದೇ ಗೊತ್ತಾಗಬಾರದು, ಅಷ್ಟೆ. ಅದು ಏನೇ ಕೇಳಿದ್ರೂ ವಿಂಡೋಸ್ ಥರ ಹೂಂ ಅನ್ನೋಕೆ ನಡುವೆ ಇನ್ನೊಂದು ಪ್ರೋಗ್ರಾಂ ಕೂರಿಸ್ತೀನಿ. ನಿಮ್ಮ ಪ್ರೋಗ್ರಾಂ ಪಾಪ, ಇನ್ನೂ ಹಳೇ ಮನೇಲೇ ಇದ್ದೀನಿ ಅಂದ್ಕೊಂಡು ತನ್ನ ಪಾಡಿಗೆ ಕೆಲಸ ಮಾಡ್ತಾ ಇರುತ್ತೆ."

ಆ ಮಾತು ಇವಳಿಗೆ ಯಾಕೋ ಹಿಡಿಸಿರಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಪ್ರೋಗ್ರಾಂ ಹೋದರೆ ಅಂಗಡಿ ಹೋಯಿತು, ಗೊಂಬೆಯೂ ಹೋಯಿತು. ಪ್ರೋಗ್ರಾಂ ಕೊಂಡ ಮೊದಲ ವಾರ ಅಕ್ಕನನ್ನು ನಿಲ್ಲಿಸಿ ಮೂವತ್ತನಾಲ್ಕು ಕಡೆ ಟೇಪ್ ಹಿಡಿದು ಗೊಂಬೆ ಮಾಡಿದವಳು ಇವಳೇ. ಊರಿನವರ ಬಟ್ಟೆಗಳೆಲ್ಲ ಮೊದಲು ಆ ಮೈಮೇಲೆ ಬಿದ್ದು, ಆಮೇಲೆ ಹಿಗ್ಗಿಯೋ ಕುಗ್ಗಿಯೋ ಅವರವರ ಮೈಗೆ ಹೋಗುತ್ತಿದ್ದವು. ದಿನಕ್ಕೊಮ್ಮೆಯಾದರೂ ಅಕ್ಕ ತೆರೆಯ ಮೇಲೆ ನಿಂತು ಒಂದು ಸುತ್ತು ತಿರುಗುತ್ತಿದ್ದಳು. ಇವಳಿಗೆ ಅದು ಬೇಕಿತ್ತು.

ಟೀಚರ್ ಗೋಡೆಗೆ ಒರಗಿದ್ದ ಪ್ಲಾಟರಿಗೆ ಕಾಗದದ ಸುರುಳಿ ಹಾಕಿ ಒಂದು ತೋಳಿನ ಆಕಾರ ಬರೆಸಿದರು. ಯಂತ್ರ ಕರ್ ಎಂದು ಬರೆಯಿತು. ಇವಳು ಟೇಪ್ ಹಿಡಿದು ನೋಡಿ, ಕೂದಲೆಳೆಯಷ್ಟೂ ತಪ್ಪಿಲ್ಲ ಎಂದಳು. ಇಬ್ಬರೂ ಟೀ ಕುಡಿದರು.

"ಕೋಟು ಚೆನ್ನಾಗಿ ಕೂತಿದೆ ನಿಮಗೆ," ಎಂದರು ಟೀಚರ್. "ನೀವು ಬಾಗಿಲು ತೆಗೆದಾಗ ಒಂದು ಗಳಿಗೆ ನಿಮ್ಮಕ್ಕನ್ನೇ ನೋಡಿದ ಹಾಗಾಯ್ತು."

"ಅವಳದ್ದೇ ಕೋಟು."

"ಹಾಗಾದ್ರೆ ಸರಿ. ನಾನು ನನ್ನ ಕಣ್ಣಿಗೇನೋ ಆಯ್ತು ಅಂದ್ಕೊಂಡೆ."

ಆಮೇಲೆ ಗಿರಾಕಿಗಳ ಎಣಿಕೆ. ಬೆಳಿಗ್ಗೆ ವಿಂಡೋಸ್ ಅಳಿಸುವ ಮುಂಚೆ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆಂದು ಇವಳಿಂದ ಒಂದು ಚೀಟಿಯಲ್ಲಿ ಬರೆಸಿಟ್ಟಿದ್ದರು ಟೀಚರ್. ಒಬ್ಬರ ಅಳತೆಯೂ ಕಳೆದುಹೋಗಬಾರದು.

"ಚೀಟಿ ಓದಿ."

"ನಾನೂರ ಹನ್ನೊಂದು."

"ಇಲ್ಲಿ ನಾನೂರ ಹನ್ನೆರಡಿದೆ." ಟೀಚರ್ ಕನ್ನಡಕ ಸರಿಮಾಡಿಕೊಂಡರು. "ಕಳೆದುಹೋಗೋದು ಗೊತ್ತು. ಇದೇನ್ರೀ, ದಾರೀಲಿ ಯಾರೋ ಒಬ್ರು ಸೇರ್ಕೊಂಡಿದ್ದಾರೆ."

ಇವಳು ನಕ್ಕಳು. ಟೀಚರ್ ಪಟ್ಟಿಯ ಮೇಲ್ತುದಿಗೆ ಹೋದರು. ಎಲ್ಲರಿಗಿಂತ ಮೇಲೆ ಕೂತಿದ್ದ ಗಿರಾಕಿಗೆ ಹೆಸರಿರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಚುಕ್ಕೆ ಇತ್ತು. ಫೋನ್ ನಂಬರ್ ಇರಲಿಲ್ಲ.

"ಯಾರಿವರು? ಒಂಬತ್ತು ಸಲ ಅಳತೆ ಕೊಟ್ಟಿದ್ದಾರೆ. ಒಂದು ಬಟ್ಟೆನೂ ಹೊಲಿಸಿಲ್ಲ."

"ಅಂಥ ಗಿರಾಕಿ ನಮ್ಮಲ್ಲಿ ಇಲ್ಲ ಟೀಚರ್. ನಾನು ನೋಡೇ ಇಲ್ಲ."

ಟೀಚರ್ ಒಂದಷ್ಟು ಹೊತ್ತು ಅಲ್ಲಿ ಇಲ್ಲಿ ಒತ್ತಿ ನೋಡಿದರು. "ಗೊತ್ತಾಯ್ತು. ಬಟ್ಟೆ ಹೊಲಿಸದವರನ್ನ ಪಟ್ಟೀಲಿ ತೋರಿಸಬೇಡ ಅಂತ ಯಾರೋ ಸೆಟ್ಟಿಂಗ್ ಮಾಡಿಟ್ಟಿದ್ರು. ಫೈಲುಗಳನ್ನೆಲ್ಲ ನಾನು ಹೊತ್ಕೊಂಡು ಬಂದೆ. ಆ ಸೆಟ್ಟಿಂಗ್ ವಿಂಡೋಸ್‌ನ ಹತ್ರಾನೇ ಇತ್ತು, ಅದರ ಜೊತೆ ಹೋಯ್ತು. ಈಗ ಬಚ್ಚಿಟ್ಟಿದ್ದೆಲ್ಲ ಕಾಣ್ತಾ ಇದೆ."

"ತೆಗೀರಿ ನೋಡೋಣ."

ಮೊದಲ ಅಳತೆ ತೆರೆಯಿತು. ಬೂದಿ ಬಣ್ಣದ ಮೈ, ಮೊಟ್ಟೆಯಂಥ ತಲೆ. ಗೊಂಬೆಯೇ ಮತ್ತೆ ಬಂದಿದೆ ಎಂದುಕೊಂಡರು ಟೀಚರ್. ಚಿಕ್ಕ ಟೈಲರ್ ತೆರೆಯ ಹತ್ತಿರಕ್ಕೆ ಬಗ್ಗಿದಳು. ಅವಳು ಅರ್ಧ ಇಂಚು ಇಳಿದ ಎಡಭುಜ ನೋಡುತ್ತಿದ್ದಳು. ಸೊಂಟ ಇಪ್ಪತ್ತೊಂಬತ್ತೂವರೆ. ಪಕ್ಕದ ಪಟ್ಟಿಯಲ್ಲಿ ಮೂವತ್ತಮೂರು ಅಳತೆಗಳಿದ್ದವು. ಬೆನ್ನಿನ ಉದ್ದ ಮಾತ್ರ ಖಾಲಿ ಇತ್ತು.

ಎರಡನೆಯದು. ಮೂರನೆಯದು. ಟೀಚರ್ ಒಂದೊಂದಾಗಿ ಒತ್ತುತ್ತಾ ಹೋದರು. ಒಂದೊಂದು ಸಲ ಒತ್ತಿದಾಗಲೂ ಮೈ ಒಂದಿಷ್ಟು ಒಳಗೆ ಸರಿಯುತ್ತಿತ್ತು. ಐದನೆಯದರಲ್ಲಿ ಕತ್ತಿನ ಕೆಳಗೆ ಹಳ್ಳ ಬಿತ್ತು. ಏಳನೆಯದರಲ್ಲಿ ಮುಂಗೈ ತೆಳ್ಳಗಾಯಿತು. ಒಂಬತ್ತನೆಯದು ಎಡಕ್ಕೆ ನಿಧಾನ ಸುತ್ತಿ ಬೆನ್ನು ತೋರಿಸಿದಾಗ ಟೀಚರ್ ಮೌಸ್‌ನಿಂದ ಕೈ ತೆಗೆದರು.

"ಸಾಕು ಅನ್ಸುತ್ತೆ," ಎಂದರು.

"ತಾರೀಖು ಏನಿದೆ?"

ಪ್ರತಿ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಆರೂ ಹತ್ತು, ಆರೂಕಾಲು. ಕೊನೆಯದು ನಾಲ್ಕು ವರ್ಷದ ಹಿಂದಿನ ಒಂದು ಸೋಮವಾರ. ಆ ವಾರದ ಗುರುವಾರವೇ ಅಕ್ಕ ಇದೇ ಮೇಜಿನ ಪಕ್ಕದಲ್ಲಿ ಕುಸಿದದ್ದು.

ಆ ದಿನಗಳು ಇವಳಿಗೆ ನೆನಪಿದ್ದವು. ಒಂಬತ್ತಕ್ಕೆ ಇವಳು ಬರುವಾಗ ಅಕ್ಕ ಆಗಲೇ ಬಂದು ಕಸ ಗುಡಿಸಿ, ಟ್ರಯಲ್ ರೂಮಿನ ಪರದೆ ಕಟ್ಟಿಟ್ಟಿರುತ್ತಿದ್ದಳು. ಕಂಪ್ಯೂಟರ್ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ವರ್ಷಕ್ಕೆರಡು ಸಲ ಒಬ್ಬರ ಅಳತೆ ಇನ್ನೊಬ್ಬರು ತೆಗೆಯುವುದು ರೂಢಿ. ತನ್ನ ಅಳತೆ ತಾನೇ ತೆಗೆದರೆ ತಪ್ಪುತ್ತದೆ, ಟೇಪ್ ನೋಡಲು ಬಗ್ಗಿದ ಕೂಡಲೇ ಸೊಂಟ ಬದಲಾಗುತ್ತದೆ ಎಂದು ಕಲಿಸಿದವಳೇ ಅಕ್ಕ. ಆ ವರ್ಷ ಟೇಪ್ ಹಿಡಿದು ಹೋದರೆ, "ಇರಲಿ ಬಿಡೇ, ಗೊಂಬೆ ಇದೆಯಲ್ಲ, ನಾನೇನು ಬೆಳೀತೀನಾ," ಎಂದು ನಕ್ಕು ಕಳಿಸಿದ್ದಳು. ಒಬ್ಬಳೇ ಟ್ರಯಲ್ ರೂಮಿನ ಕನ್ನಡಿ ನೋಡಿಕೊಂಡು ಮೈಗೆಲ್ಲ ಟೇಪ್ ಸುತ್ತಿಕೊಂಡಿದ್ದಾಳೆ. ಬೆನ್ನಿಗೆ ಮಾತ್ರ ಕೈ ಎಟುಕಿಲ್ಲ.

"ಡಾಕ್ಟರ್ ಹೇಳಿದ್ರು," ಎಂದಳು ಚಿಕ್ಕ ಟೈಲರ್. "ಹೊಟ್ಟೇಲಿ ಗಡ್ಡೆ. ಆರು ತಿಂಗಳ ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು ಅಂತ. ನೀವು ಟೈಲರ್ ಅಲ್ವಾ, ಮೈ ಇಳಿದಿದ್ದು ಕಣ್ಣಿಗೆ ಬೀಳಲಿಲ್ವಾ ಅಂತ ನನ್ನೇ ಕೇಳಿದ್ರು."

"ಅವರು ಬಚ್ಚಿಟ್ರೆ ನೀವೇನ್ ಮಾಡ್ತೀರಿ?"

"ದೂರದಿಂದ ನೋಡಿ ಯಾರ ಸೊಂಟ ಎಷ್ಟು ಅಂತ ಹೇಳ್ತೀನಿ ಟೀಚರ್ ನಾನು. ದಿನಾ ಪಕ್ಕದಲ್ಲಿದ್ದವಳು ಕಾಣಲಿಲ್ಲ."

ನಾಲ್ಕು ವರ್ಷದಿಂದ ಅವಳ ಎದೆಯಲ್ಲಿ ಕೂತಿದ್ದ ಮಾತು ಅದು. ಯಾರ ಮುಂದೆಯೂ ಆಡಿರಲಿಲ್ಲ. ಆಡಿದ ಮೇಲೆ ಕೋಟಿನ ಗುಂಡಿ ಬಿಚ್ಚಿದಳು. ಯಾಕೆ ಕಾಣಲಿಲ್ಲ ಎನ್ನುವುದು ಅವಳಿಗೆ ಆಗಲೇ ಹೊಳೆದಿತ್ತು.

ಕೋಟನ್ನು ಒಳಮೈ ಹೊರಗೆ ಮಾಡಿ ಮೇಜಿನ ದೀಪದ ಕೆಳಗೆ ಹರಡಿದಳು. ಮಗ್ಗುಲಿನ ಹೊಲಿಗೆಯ ಪಕ್ಕದಲ್ಲಿ, ಒಂದರ ಒಳಗೊಂದು, ಸೂಜಿಯ ತೂತುಗಳ ಗೆರೆಗಳಿದ್ದವು. ಅಕ್ಕ ಹೋದ ಮೇಲೆ ಈ ಕೋಟು ಇವಳಿಗೆ ಬಿಗಿಯಾಗಿತ್ತು; ಆಗ ಹೊಲಿಗೆ ಪೂರ್ತಿ ಬಿಚ್ಚಿ ಸಡಿಲಿಸಿಕೊಂಡಿದ್ದಳು. ತೂತುಗಳನ್ನು ನೋಡಿ, ಅಕ್ಕನಿಗೆ ಯಾವ ಕೋಟು ತಾನೇ ಒಂದೇ ಸಲಕ್ಕೆ ಸರಿ ಅನ್ನಿಸುತ್ತಿತ್ತು ಎಂದುಕೊಂಡಿದ್ದಳು. ಈಗ ನೋಡಿದರೆ ಮೈ ಇಳಿದಂತೆಲ್ಲ ಅಕ್ಕ ಬಟ್ಟೆಯನ್ನೂ ಅಷ್ಟಷ್ಟೇ ಒಳಗೆ ಹಿಡಿದು ಹೊಲಿದಿದ್ದಾಳೆ. ಬಟ್ಟೆ ಜೋತುಬಿದ್ದರೆ ತಾನೇ ಮೈ ಇಳಿದದ್ದು ಕಾಣುವುದು. ಬೇರೆಯವರ ಕಣ್ಣಿಗೆ ಮಣ್ಣೆರಚುವುದು ಸುಲಭ. ಟೈಲರ್ ಕಣ್ಣಿಗೆ ಎರಚಲು ಇನ್ನೊಬ್ಬ ಟೈಲರೇ ಬೇಕು.

"ಈ ಕರೀ ದಾರದ ಹೊಲಿಗೆ?" ಟೀಚರ್ ಬೆರಳಿಟ್ಟು ಕೇಳಿದರು.

"ಅದು ನನ್ನದು."

"ಯಾವಾಗ ಹಾಕಿದ್ರಿ?"

"ಮೂರು ವಾರ ಆಯ್ತು. ಸಡಿಲ ಆಗಿತ್ತು. ತೂತುಗಳ ಗೆರೆ ಹೇಗೂ ಸಿದ್ಧವಾಗಿತ್ತಲ್ಲ, ಅದನ್ನೇ ಹಿಡ್ಕೊಂಡು ಹೊಲಿದೆ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಮೊದಲ ಗೆರೆಯನ್ನು ಹೋದ ಚಳಿಗಾಲದಲ್ಲಿ ಹಿಡಿದಿದ್ದಳು, ಆಮೇಲೆ ಎರಡನೆಯದು, ಈಗ ಮೂರನೆಯದು. ಸ್ಕರ್ಟಿನ ಕೊಕ್ಕೆಯನ್ನೂ ಎರಡು ಸಲ ಸರಿಸಿದ್ದಳು. ಅಂಗಡಿಯ ಕೆಲಸ ಜಾಸ್ತಿ, ಊಟ ಹೊತ್ತಿಗೆ ಸರಿಯಾಗಿಲ್ಲ, ಇಳಿದರೆ ಒಳ್ಳೆಯದೇ ಎಂದು ಒಳಗೊಳಗೇ ಖುಷಿಪಟ್ಟಿದ್ದಳು.

ಕೊರಳಲ್ಲಿದ್ದ ಟೇಪನ್ನು ತೆಗೆದು ಟೀಚರಿಗೆ ಕೊಟ್ಟಳು. "ನನ್ನ ಅಳತೆ ತೆಗೀರಿ."

"ನನಗೆ ಬರಲ್ವಲ್ರೀ."

"ನಾನು ಹೇಳ್ಕೊಡ್ತೀನಿ. ಬಗ್ಗಬಾರದು ನಾನು, ಅದಕ್ಕೆ ನೀವೇ ತೆಗೀಬೇಕು."

ಹದಿನೈದು ವರ್ಷ ಅಳತೆ ಕೊಟ್ಟ ಹೆಂಗಸು ಮೊದಲ ಸಲ ಅಳತೆ ತೆಗೆದರು. ಟೇಪ್ ಎರಡು ಸಲ ತಿರುಚಿಕೊಂಡಿತು, ಒಮ್ಮೆ ಕೈಜಾರಿ ಬಿತ್ತು. ಎದೆ, ಸೊಂಟ, ಕತ್ತು, ತೋಳು, ಮುಂಗೈ. ಬೆನ್ನಿನ ಉದ್ದವನ್ನೂ ತೆಗೆದರು. ಇವಳು ನೆಟ್ಟಗೆ ನಿಂತು ಗೋಡೆ ನೋಡುತ್ತಾ, ಇಲ್ಲಿ ಹಿಡಿಯಿರಿ, ಬಿಗಿ ಬೇಡ, ಎನ್ನುತ್ತಿದ್ದಳು. ಆಮೇಲೆ ತಾನೇ ಕೂತು ಅಂಕಿಗಳನ್ನು ತುಂಬಿದಳು. ಹೆಸರಿನ ಜಾಗದಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಒಂದು ಮೈಮೇಲೆ ಇನ್ನೊಂದನ್ನು ಇಟ್ಟು ನೋಡುವ ಅನುಕೂಲ ಆ ಪ್ರೋಗ್ರಾಂನಲ್ಲಿ ಇತ್ತು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕೆಂಪು ಗೆರೆ ಬರುತ್ತದೆ. ಅವಳು ಮೂರನೆಯ ಅಳತೆಯನ್ನು ಆರಿಸಿ, ಅದರ ಮೇಲೆ ತನ್ನದನ್ನು ಇಟ್ಟಳು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಎರಡು ಬೂದಿ ಮೈಗಳು ಎರಡು ಕಡೆಯಿಂದ ಸರಿದು ಬಂದು ಒಂದಾದವು. ಎಡಭುಜದ ಮೇಲೆ ಉಗುರಿನಷ್ಟು ಕೆಂಪು ಕಾಣಿಸಿತು. ಬೇರೆ ಎಲ್ಲೂ ಕಾಣಿಸಲಿಲ್ಲ.

ಹೊರಗೆ ಯಾರೋ ನಡೆದು ಹೋದರು. ಷಟರ್‌ನ ಕೆಳಗೆ ಎರಡು ಕಾಲುಗಳು ಬಂದು, ಒಂದು ಗಳಿಗೆ ನಿಂತು, ಮುಂದೆ ಹೋದವು.

"ಒಟ್ಟು ಒಂಬತ್ತು," ಎಂದರು ಟೀಚರ್. ದನಿ ಸಣ್ಣಗಾಗಿತ್ತು. "ಇದರ ಕೆಳಗೆ ಇನ್ನೂ ಆರು ಇವೆ."

"ಹೂಂ. ಆರು ತಿಂಗಳು. ಡಾಕ್ಟರ್ ಹೇಳಿದ್ದೂ ಅಷ್ಟೇ."

ಅವಳು ಅಕ್ಕನ ಗಂಡನಿಗೆ ಫೋನ್ ಮಾಡಿದಳು. ಅಕ್ಕನನ್ನು ನೋಡಿದ ಡಾಕ್ಟರ ನಂಬರ್ ಇನ್ನೂ ಇದೆಯಾ ಎಂದು ಕೇಳಿದಳು. ಯಾಕೆ ಎಂದು ಅವನು ಕೇಳಿದಾಗ ಏನನ್ನೂ ಮುಚ್ಚಿಡದೆ ಹೇಳಿದಳು. ಫೋನ್ ಇಟ್ಟು ಟೀಚರ್ ಕಡೆ ತಿರುಗಿದಳು.

"ನಾಳೆ ಬೆಳಿಗ್ಗೆ ನನ್ನ ಜೊತೆ ಬರ್ತೀರಾ? ಒಬ್ಬಳೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬಂದುಬಿಡ್ತೀನಿ."

"ಸ್ಕೂಲಿಗೆ ರಜಾ ಹಾಕ್ತೀನಿ. ಎಂಟಕ್ಕೆ ಬರ್ತೀನಿ, ರೆಡಿ ಇರಿ."

ಚಿಕ್ಕ ಟೈಲರ್ ಡ್ರಾಯರಿನಿಂದ ಹೊಲಿಗೆ ಬಿಚ್ಚುವ ಚಿಕ್ಕ ಕೊಕ್ಕೆ ತೆಗೆದಳು. ಕೋಟಿನ ಮುಂದೆ ಕೂತು, ಕರಿಯ ದಾರವನ್ನು ಕಂಕುಳಿನಿಂದ ಶುರುಮಾಡಿ ಒಂದೊಂದಾಗಿ ಕತ್ತರಿಸಿದಳು. ಎರಡೂ ಮಗ್ಗುಲು ಮುಗಿಯಲು ಹತ್ತು ನಿಮಿಷ ಬೇಕಾಯಿತು. ದಾರದ ಚೂರುಗಳನ್ನು ಕೈಯಿಂದ ಒರೆಸಿ ಬುಟ್ಟಿಗೆ ಹಾಕಿದಳು. ಆಮೇಲೆ ಎದ್ದು ಕೋಟು ಹಾಕಿಕೊಂಡಳು.

ಕೋಟು ಅವಳ ಮೈಮೇಲೆ ಜೋತುಬಿತ್ತು. ಎದೆಯ ಹತ್ತಿರ ಬಟ್ಟೆ ಮಡಿಕೆಯಾಗಿ ನಿಂತಿತು, ತೋಳು ಬೆರಳುಗಳ ತನಕ ಇಳಿಯಿತು. ಅವಳು ಗುಂಡಿ ಹಾಕಿಕೊಂಡು ಷಟರನ್ನು ಪೂರ್ತಿ ಮೇಲೆತ್ತಿ, ಮಧ್ಯಾಹ್ನದ ಬೆಳಕಿನಲ್ಲಿ, ಬೀದಿಗೆ ಮುಖಮಾಡಿ ಹೊಸ್ತಿಲ ಮೇಲೆ ನಿಂತಳು.