ಸ್ನ್ಯಾಪರ್ ಜಾಗಕ್ಕೆ ಮೂರು ಮತ

ನನ್ನ ಅಂಗಡಿಗೆ ಮುಂದಿನ ಬಾಗಿಲಿಂದ ಬಂದರೆ ಗಾಳಕ್ಕೆ ಸಿಕ್ಕಿಸುವ ಹುಳು ಸಿಗುತ್ತದೆ. ಹಿಂದಿನ ಬಾಗಿಲಿಂದ ಬಂದರೆ ಬನ್ನಿನಂಥ ಮೆತ್ತನೆಯ ಬಿಸಿ ಬಿಸ್ಕಿಟ್ಟು, ಅದರ ಮೇಲೆ ಸುರಿದುಕೊಳ್ಳಲು ಬಿಳಿ ಗ್ರೇವಿ. ಎರಡರ ನಡುವೆ ನಾನು ಕೈ ತೊಳೆಯುತ್ತೇನೆ ಎಂಬುದನ್ನು ಡೂಯಿ ಸ್ಟಾಲ್ವರ್ತ್ ಮೂವತ್ತೊಂದು ವರ್ಷವಾದರೂ ನಂಬಿಲ್ಲ. ಆದರೂ ದಿನಾ ಬೆಳಿಗ್ಗೆ ಆರೂವರೆಗೆ ಬಂದು ಎರಡು ತಿನ್ನುತ್ತಾನೆ.

ಹಿಂದಿನ ಕೋಣೆಯಲ್ಲಿ ಒಂದು ಮೇಜು, ಅದರ ಪಕ್ಕದಲ್ಲಿ ಕೆಟ್ಟು ನಿಂತ ಒಂದು ಫ್ರೀಜರ್. ಅದರ ಬಾಗಿಲಿಗೆ ಯಾವ ಕಾಲದಲ್ಲೋ ಯಾರೋ ಕರಿ ಬಣ್ಣ ಬಳಿದರು, ಅಂದಿನಿಂದ ಅದೇ ನಮ್ಮ ಹಲಗೆ. ನಲವತ್ತು ಮೈಲಿ ಆಚೆ ಇರುವ ಬ್ರಾಕ್ಸ್‌ಟನ್ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಅದರ ಮೇಲೆ ಇರುತ್ತದೆ. ಹೆಲ್ಮೆಟ್ಟಿನ ಮೇಲೆ ನೀಲಿ ಕೊಕ್ಕರೆ ಇರುವ ತಂಡ. ಒಂದೊಂದು ಜಾಗಕ್ಕೂ ಎರಡು ಸಾಲು: ಮೇಲೆ ಆಡುವವನ ಹೆಸರು, ಕೆಳಗೆ ಅವನಿಗೆ ಏಟಾದರೆ ಇಳಿಯುವವನ ಹೆಸರು. ಬರೆಯುವುದು ನಾನು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಬರುವ ವರ್ಷಕ್ಕೆ ಯಾರ ಹೆಸರು ಬರೆಯಬೇಕೆಂದು ಮೇಜಿಗೆ ಕೂರುವವರು ಮತ ಹಾಕುತ್ತಾರೆ, ನನಗೆ ಮಾತ್ರ ಮತವಿಲ್ಲ.

ಒಂದು ಕಾಲಕ್ಕೆ ಮೇಜಿನ ಸುತ್ತ ಒಂಬತ್ತು ಜನ ಇದ್ದರು. ಆರು ಮಂದಿ ಈಗ ಬ್ಯಾಪ್ಟಿಸ್ಟ್ ಚರ್ಚಿನ ಹಿಂದೆ ಮಲಗಿದ್ದಾರೆ. ಉಳಿದವರು ಮೂವರು. ಡೂಯಿ ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಹುಡುಗರಿಗೆ ಆಟ ಹೇಳಿಕೊಟ್ಟವನು, ಹುಡುಗನ ಮೈಕಟ್ಟು ನೋಡಿ ಭವಿಷ್ಯ ಹೇಳುತ್ತಾನೆ. ಟ್ರುಯೆಟ್ ಕ್ಷೌರಿಕ, ಅವನ ಒಂದು ಕಣ್ಣು ಸದಾ ಫೋನಿನಲ್ಲಿರುವ ಅಭಿಮಾನಿಗಳ ತಾಣದ ಮೇಲೆ, ಅಲ್ಲಿ ಅವನ ಹೆಸರು 'ಕತ್ತರಿ'. ಹಾರ್ಲನ್ ಪ್ರೂಯಿಟ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ನಲವತ್ತು ಮಕ್ಕಳ ಗಲಾಟೆ ಕೇಳಿ ಕೇಳಿ ಮಾತು ಬಿಟ್ಟವನು.

ಮೇಜಿಗೆ ಒಂದು ಕಟ್ಟಳೆ ಇದೆ. ತನ್ನ ರಕ್ತಸಂಬಂಧಿಯ ಹೆಸರನ್ನು ಯಾರೂ ಹಲಗೆಗೆ ಸೂಚಿಸುವಂತಿಲ್ಲ, ಅವನಿಗೆ ಮತ ಹಾಕುವಂತಿಲ್ಲ. ಆ ಒಂಬತ್ತರಲ್ಲಿ ಒಬ್ಬನಾದ ಮರ್ಲ್ ತನ್ನ ಅಕ್ಕನ ಮಗನೇ ತಂಡದ ಆಟ ನಡೆಸುವ ಮುಂದಿನ ಕ್ವಾರ್ಟರ್‌ಬ್ಯಾಕ್ ಎಂದು ನಾಲ್ಕು ವರ್ಷ ತಲೆ ತಿಂದಿದ್ದ. ಆ ಹುಡುಗ ಕೊನೆಗೆ ಕಾಲೇಜಿನ ಬ್ಯಾಂಡಿನಲ್ಲಿ ತುತ್ತೂರಿ ಊದಿದ. ಆಮೇಲೆ ಹುಟ್ಟಿದ ಕಟ್ಟಳೆ ಇದು.

ಹೋದ ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಹಾರ್ಲನ್ ಮುಂದಿನ ಬಾಗಿಲಿಂದ ಬಂದು ಒಂದು ಡಬ್ಬಿ ಹುಳು ಕೇಳಿದ. ಅವನು ಮೀನು ಹಿಡಿಯುವವನಲ್ಲ. ನಾನು ಡಬ್ಬಿ ತುಂಬುವಾಗ ಜೇಬಿನಿಂದ ಒಂದು ಫೋಟೋ ತೆಗೆದು ಕೌಂಟರಿನ ಮೇಲಿಟ್ಟ. ಟೆಕ್ಸಾಸಿನಲ್ಲಿರುವ ಮಗಳ ಮಗ, ಟೋಬಿನ್ ಶ್ರೇಡರ್. ಹೈಸ್ಕೂಲಿನ ಕೊನೆಯ ವರ್ಷ. ಬ್ರಾಕ್ಸ್‌ಟನ್‌ನ ಕೋಚುಗಳು ಅವನಿಗೆ ಎರಡು ಸಲ ಫೋನು ಮಾಡಿದ್ದರಂತೆ. ಯಾವ ಜಾಗಕ್ಕೆ ಎಂದು ಕೇಳಿದೆ. ಸ್ನ್ಯಾಪರ್ ಎಂದ.

ತಲೆ ಕೆಳಗೆ ಮಾಡಿ, ಎರಡು ಕಾಲಿನ ಸಂದಿಯಿಂದ ಚೆಂಡನ್ನು ಹದಿನೈದು ಗಜ ಹಿಂದೆ ನಿಂತ ಒದೆಯುವವನ ಕೈಗೆ ಎಸೆಯುವವನೇ ಸ್ನ್ಯಾಪರ್. ಸರಿಯಾಗಿ ಎಸೆದರೆ ಅವನು ಇದ್ದಾನೆಂದೇ ಯಾರಿಗೂ ತಿಳಿಯುವುದಿಲ್ಲ. ಚೆಂಡು ಒಂದು ಸಲ ಒದೆಯುವವನ ತಲೆಯ ಮೇಲೆ ಹಾರಿಹೋದರೆ ಅವನ ತಾಯಿಯ ಹೆಸರು ಸಮೇತ ಇಡೀ ಅಲಬಾಮಾ ರಾಜ್ಯಕ್ಕೆ ಗೊತ್ತಾಗುತ್ತದೆ.

"ಮಿಸ್ ವರ್ಡೀ, ನಿಮ್ಮ ಹತ್ರ ಮಾತ್ರ ಹೇಳ್ತಿದೀನಿ," ಎಂದ ಹಾರ್ಲನ್. "ಮೇಜಿನವರಿಗೆ ಗೊತ್ತಾದ್ರೆ ನನ್ನ ಮುಖ ನೋಡಿ ಬರೆಸ್ತಾರೆ. ದಾಕ್ಷಿಣ್ಯದ ಹೆಸರು ನಂಗೆ ಬೇಡ. ಹುಡುಗನ್ನ ನೋಡಿ ಅವರಾಗೇ ಹೇಳ್ಬೇಕು."

ನಾನು ಆಯಿತು ಎಂದೆ. ಹುಳುವಿನ ಡಬ್ಬಿ ಕೌಂಟರಿನ ಮೇಲೇ ಉಳಿಯಿತು.

ಸೆಪ್ಟೆಂಬರ್ ಪೂರ್ತಿ ಅವನು ಕಾದ. ಮೇಜಿನ ಮೇಲೆ ಮಾತಿಗೇನೂ ಬರ ಇರಲಿಲ್ಲ. ಮೊಬೀಲ್ ಪಟ್ಟಣದ ಒಬ್ಬ ಕ್ವಾರ್ಟರ್‌ಬ್ಯಾಕ್ ಹುಡುಗ ಮೂರು ಕಾಲೇಜುಗಳ ನಡುವೆ ಓಲಾಡುತ್ತಿದ್ದ. ಅವನು ಹಾಕಿದ ಬೂಟಿನ ಬಣ್ಣ ಯಾವ ಕಾಲೇಜಿನದು ಎಂಬುದರ ಮೇಲೆ ಟ್ರುಯೆಟ್ ನಾಲ್ಕು ದಿನ ವಾದ ಮಾಡಿದ. ಸಾಲಿನಲ್ಲಿ ಎಡಗಡೆ ನಿಲ್ಲುವ ಭಾರಿ ಹುಡುಗನಿಗೆ ಹಿಂಭಾಗ ಅಗಲ ಇಲ್ಲ, ಹಿಂಭಾಗ ಒಂದಿದ್ದರೆ ಮಿಕ್ಕಿದ್ದನ್ನೆಲ್ಲ ಕಲಿಸಬಹುದು ಎಂದು ಡೂಯಿ ಸಾರಿದ. ಸ್ನ್ಯಾಪರನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮೂವತ್ತೊಂದು ವರ್ಷದಲ್ಲಿ ಯಾರೂ ಎತ್ತಿರಲಿಲ್ಲ. ಅವನದು ಹಲಗೆಯ ಕೊನೆಯ ಜಾಗ, ಯಾರಾದರೂ ನೆನಪಿಸಿದರೆ ನಾನು ಬರೆಯುತ್ತಿದ್ದೆ. ಅವನ ಕೆಳಗಿನ ಸಾಲು ಯಾವಾಗಲೂ ಖಾಲಿ.

ಅಕ್ಟೋಬರಿನ ಒಂದು ಗುರುವಾರ ಹಾರ್ಲನ್ ತಡೆಯಲಾರದೆ, ಈಗಿರುವ ಸ್ನ್ಯಾಪರನಿಗೆ ಇದು ಕೊನೆಯ ವರ್ಷವಲ್ಲವೇ ಎಂದು ಕೇಳಿಬಿಟ್ಟ. ಕೇಳಿ ಕಾಫಿ ಕುಡಿದ.

ನಮ್ಮವರ ಸ್ವಭಾವ ಹೀಗೆ. ಕಾರಣವಿಲ್ಲದೆ ಮಾತಾಡದವನು ಬಾಯಿ ಬಿಟ್ಟರೆ ಒಳಗಿನ ಸುದ್ದಿ ಇದೆ ಎಂದೇ ಅರ್ಥ. ಹಿಂದೆ ಹಾರ್ಲನ್‌ನ ಬಸ್ಸಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಈಗ ಬ್ರಾಕ್ಸ್‌ಟನ್‌ನಲ್ಲಿ ಹೆಲ್ಮೆಟ್ಟು ಒರೆಸುವ ಕೆಲಸದಲ್ಲಿದ್ದಾನೆ ಎಂಬುದು ಟ್ರುಯೆಟ್‌ಗೆ ಆ ಕ್ಷಣವೇ ಹೊಳೆಯಿತು. ಬಿಸ್ಕಿಟ್ಟು ಅರ್ಧಕ್ಕೆ ಬಿಟ್ಟು ಎದ್ದು ಹೋದ. ಮಧ್ಯಾಹ್ನದ ಹೊತ್ತಿಗೆ 'ಕತ್ತರಿ'ಯ ಹೆಸರಿನಲ್ಲಿ ಅವನು ತಾಣದಲ್ಲಿ ಬರೆದಾಗಿತ್ತು: ನಂಬಲರ್ಹ ಮೂಲದ ಪ್ರಕಾರ ಸ್ನ್ಯಾಪರನಿಗೆ ಏನೋ ಆಗಿದೆ. ಸಂಜೆಗೆ ಆ ಏನೋ ಹೆಬ್ಬೆಟ್ಟಾಯಿತು. ಶನಿವಾರದ ಆಟದಲ್ಲಿ ಸಾವಿರಾರು ಜನ ದುರ್ಬೀನು ಹಿಡಿದು ಒಬ್ಬ ಹುಡುಗನ ಹೆಬ್ಬೆಟ್ಟು ನೋಡಿದರು. ಸೋಮವಾರ ರೇಡಿಯೋದಲ್ಲಿ ಯಾರೋ ಕೇಳಿದ್ದಕ್ಕೆ, ಹೆಬ್ಬೆಟ್ಟು ಚೆನ್ನಾಗಿದೆ ಎಂದು ಕೋಚ್ ಉತ್ತರ ಕೊಟ್ಟ.

"ಹೆಬ್ಬೆಟ್ಟು ಚೆನ್ನಾಗಿದೆ ಅಂತ ಯಾವ ಕೋಚ್ ಸುಮ್ಮಸುಮ್ನೆ ಹೇಳ್ತಾನೆ?" ಎಂದ ಟ್ರುಯೆಟ್. "ಮುರಿದಿದೆ ಕಣಯ್ಯ, ಬರೆದಿಟ್ಕೋ."

ಹಾರ್ಲನ್ ತಾನು ಏನೂ ಹೇಳಿಲ್ಲ ಎಂದು ಮೂರು ಸಲ ಹೇಳಿದ. ಮೂಲವನ್ನು ಕಾಪಾಡುತ್ತಿದ್ದಾನೆ, ಗಟ್ಟಿ ಮನುಷ್ಯ ಎಂದು ಇಬ್ಬರೂ ತಲೆದೂಗಿದರು.

ಅದರಿಂದ ಒಂದು ಒಳ್ಳೆಯದಾಯಿತು, ಒಂದು ಕೆಟ್ಟದ್ದಾಯಿತು. ಒಳ್ಳೆಯದೆಂದರೆ, ಬರುವ ವರ್ಷಕ್ಕೆ ಬ್ರಾಕ್ಸ್‌ಟನ್ ನೋಡುತ್ತಿರುವ ಸ್ನ್ಯಾಪರರು ಯಾರು ಎಂದು ಟ್ರುಯೆಟ್ ಹುಡುಕಿದ. ಇಬ್ಬರು ಸಿಕ್ಕರು: ಜಾರ್ಜಿಯಾದ ಓಗಲ್ಸ್‌ಬಿ, ಟೆಕ್ಸಾಸಿನ ಶ್ರೇಡರ್. ಅದು ಹಾರ್ಲನ್‌ನ ಅಳಿಯನ ಮನೆಹೆಸರು ಎಂದು ಮೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹೆಸರು ಮೊದಲ ಸಲ ಮೇಜಿನ ಮೇಲೆ ಬಿದ್ದಾಗ ಹಾರ್ಲನ್ ಉಪ್ಪಿನ ಡಬ್ಬಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. ಕೆಟ್ಟದ್ದೆಂದರೆ, ಡೂಯಿ ಇಬ್ಬರ ವಿಡಿಯೋವನ್ನೂ ನೋಡಿದ.

"ಈ ಶ್ರೇಡರ್‌ನ ಮಣಿಕಟ್ಟು ನೋಡ್ರೋ. ಕಡಲೆಗಿಡದ ಕಡ್ಡಿ ಇದ್ದ ಹಾಗಿದೆ. ಇದ್ರಲ್ಲಿ ಇವನು ಚೆಂಡು ಎಸೆಯೋದಿರಲಿ, ಇವನ ಅಜ್ಜಿಗೆ ಹೂಜಿಯಿಂದ ಟೀ ಬಗ್ಗಿಸೋಕೂ ಆಗಲ್ಲ."

ಆ ಹುಡುಗನ ಅಜ್ಜಿ, ಹಾರ್ಲನ್‌ನ ಹೆಂಡತಿ, ತೀರಿಕೊಂಡು ಆರು ವರ್ಷ. ಅವಳ ಮಣಿಕಟ್ಟು ನಿಜಕ್ಕೂ ತೆಳುವಾಗಿತ್ತು. ನಾನು ಕಾಫಿ ಪಾತ್ರೆ ಹಿಡಿದುಕೊಂಡು ಅಡುಗೆಮನೆ ಕಡೆಗೆ ಹೋದೆ.

ನವೆಂಬರ್ ಮುಗಿಯುವವರೆಗೆ ದಿನಾ ಮಣಿಕಟ್ಟಿನ ಮಾತು. ಟ್ರುಯೆಟ್ ಶ್ರೇಡರ್ ಪರ ನಿಂತಿದ್ದ. ಟೆಕ್ಸಾಸಿನ ಗಾಳಿಯಲ್ಲಿ ನೇರ ಎಸೆದವನು ಇಲ್ಲಿ ಕಣ್ಣು ಮುಚ್ಚಿ ಎಸೆಯುತ್ತಾನೆ ಎಂಬುದು ಅವನ ವಾದ. ಹಾರ್ಲನ್ ಎರಡೂ ಕಡೆ ಮಾತಾಡಲಿಲ್ಲ. ಆದರೆ ಬೆಳಿಗ್ಗೆ ಬರುವಾಗ ಅವನ ಕಣ್ಣು ಕೆಂಪಗಿರುತ್ತಿತ್ತು, ಬಸ್ಸು ಓಡಿಸುವ ಕಾಲದ ಅವನ ಜಾಕೆಟ್ಟಿನ ಜೇಬಿನಲ್ಲಿ ಏನೋ ದುಂಡಗಿನದು ಉಬ್ಬಿಕೊಂಡಿರುತ್ತಿತ್ತು.

ಹೈಸ್ಕೂಲು ಹುಡುಗರು ಕಾಲೇಜು ತಂಡಗಳಿಗೆ ಸೇರಲು ಸಹಿ ಹಾಕುವುದು ಡಿಸೆಂಬರಿನ ಮೊದಲ ಬುಧವಾರ. ಅದರ ಹಿಂದಿನ ಬೆಳಿಗ್ಗೆ ಹಲಗೆ ಪೂರ್ತಿಯಾಗಬೇಕು, ಅದು ಪದ್ಧತಿ. ಏಳೂವರೆಗೆ ಒಂದನ್ನು ಬಿಟ್ಟು ಎಲ್ಲ ಜಾಗವೂ ತುಂಬಿತು. ಡೂಯಿಯ ಮತ ಓಗಲ್ಸ್‌ಬಿಗೆ. ಟ್ರುಯೆಟ್‌ನ ಮತ ಶ್ರೇಡರ್‌ಗೆ. ಇಬ್ಬರೂ ಹಾರ್ಲನ್ ಕಡೆ ತಿರುಗಿದರು. ನಾನು ಸೀಮೆಸುಣ್ಣದ ಕಡ್ಡಿ ಹಿಡಿದು ಫ್ರೀಜರ್ ಪಕ್ಕದಲ್ಲಿ ನಿಂತಿದ್ದೆ. ಹಾರ್ಲನ್ ಮೊಮ್ಮಗನ ಹೆಸರೊಂದು ಹೇಳಿದ್ದರೆ ಸಾಕಿತ್ತು. ಅವನು ಯಾರ ಅಜ್ಜ ಎಂದು ಅಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ, ನಾನು ಬಾಯಿ ಬಿಡುವವಳಲ್ಲ.

ಹಾರ್ಲನ್ ಜೇಬಿನಿಂದ ಒಂದು ಸ್ಟಾಪ್‌ವಾಚ್ ತೆಗೆದು ಮೇಜಿನ ಮೇಲಿಟ್ಟ.

"ಇಬ್ಬರ ವಿಡಿಯೋನೂ ಇಟ್ಕೊಂಡು ಅಳೆದಿದೀನಿ," ಎಂದ. "ಓಗಲ್ಸ್‌ಬಿ ಮುಕ್ಕಾಲು ಸೆಕೆಂಡಿನ ಒಳಗೆ ಮುಟ್ಟಿಸ್ತಾನೆ. ಪ್ರತಿ ಸಲ. ಆ ಟೆಕ್ಸಾಸ್ ಹುಡುಗ ಹತ್ತಕ್ಕೆ ನಾಲ್ಕು ಸಲ ತಡ. ನನ್ನ ಮತ ಓಗಲ್ಸ್‌ಬಿಗೆ."

ನಾನು ಕಡ್ಡಿ ಎತ್ತಲಿಲ್ಲ. ಸ್ನ್ಯಾಪರ್ ಸ್ನ್ಯಾಪರ್ ಎಂದು ಈ ಹುಚ್ಚು ಹತ್ತಿಸಿದ್ದೇ ನೀನು, ಈಗ ನನ್ನ ಹುಡುಗನಿಗೆ ಕೈ ಕೊಟ್ಟೆ ಎಂದು ಟ್ರುಯೆಟ್ ಗೊಣಗಿದ.

"ನಿನ್ನ ಹುಡುಗ ಅಲ್ಲ," ಎಂದ ಹಾರ್ಲನ್. "ಶ್ರೇಡರ್ ನನ್ನ ಮಗಳ ಮಗ."

ಡೂಯಿ ಮುಳ್ಳುಚಮಚ ಕೆಳಗಿಟ್ಟ. ಎರಡು ತಿಂಗಳಲ್ಲಿ ತಾನು ಆಡಿದ್ದನ್ನೆಲ್ಲ ಅವನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದುದು ಮುಖದ ಮೇಲೆ ಕಾಣುತ್ತಿತ್ತು. ಅಜ್ಜಿ ಮತ್ತು ಹೂಜಿಯ ಹತ್ತಿರ ಬಂದಾಗ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಹಾಗಾದ್ರೆ ಹೆಬ್ಬೆಟ್ಟು?" ಎಂದ ಟ್ರುಯೆಟ್.

"ಯಾವ ಹೆಬ್ಬೆಟ್ಟು?"

"ಸ್ನ್ಯಾಪರ್‌ದು. ಮುರಿದದ್ದು."

"ಅದನ್ನ ಮುರಿದದ್ದು ನೀನು."

ಕಟ್ಟಳೆಯ ಪ್ರಕಾರ ಹಾರ್ಲನ್‌ನ ಮತ ಲೆಕ್ಕಕ್ಕೆ ಬಾರದು, ಒಂದಕ್ಕೊಂದು ಸಮ ಎಂದು ಟ್ರುಯೆಟ್ ದಾರಿ ಹುಡುಕಿದ. ಡೂಯಿ ಒಪ್ಪಲಿಲ್ಲ. ತನ್ನವನ ಪರ ಮತ ಹಾಕಬಾರದು ಎಂದಿದೆಯೇ ಹೊರತು ವಿರುದ್ಧ ಹಾಕಬಾರದು ಎಂದು ಯಾರೂ ಹೇಳಿಲ್ಲ, ಅಂಥವನು ಹುಟ್ಟುತ್ತಾನೆ ಎಂದು ಕಟ್ಟಳೆ ಮಾಡಿದವರಿಗೂ ಗೊತ್ತಿರಲಿಲ್ಲ ಎಂದ. ನಾನು ಓಗಲ್ಸ್‌ಬಿಯ ಹೆಸರು ಬರೆದೆ. ಹಾರ್ಲನ್ ಅದನ್ನು ಓದಿ, ಸ್ಟಾಪ್‌ವಾಚ್ ಜೇಬಿಗೆ ಹಾಕಿಕೊಂಡ.

"ಕೆಳಗಿನ ಸಾಲು ಖಾಲಿ ಇದೆ, ಮಿಸ್ ವರ್ಡೀ," ಎಂದ ಡೂಯಿ. "ಅಲ್ಲಿ ಶ್ರೇಡರ್ ಅಂತ ಬರೀರಿ."

"ಬೇಡ," ಎಂದ ಹಾರ್ಲನ್. "ನನ್ನ ಮುಖ ನೋಡಿ ಬರೆಸ್ಬೇಡ."

"ಎರಡು ತಿಂಗಳು ನಿನ್ನ ಎದುರಿಗೇ ಅವನನ್ನ ಬೈದವನು ನಾನು. ನಂಗೆ ದಾಕ್ಷಿಣ್ಯ ಇದೆ ಅಂತ ನಿಂಗೆ ಯಾರು ಹೇಳಿದ್ರು? ಹತ್ತಕ್ಕೆ ಆರು ಸರಿ ಇದೆ ಅಂದ್ರೆ ಕೈಯಲ್ಲಿ ವಿದ್ಯೆ ಇದೆ. ಬಲ ಇಲ್ಲ, ಅಷ್ಟೇ. ಒಂದು ಬೇಸಿಗೆ ಸೌದೆ ಒಡೆಸಿದ್ರೆ ಹತ್ತಕ್ಕೆ ಒಂಬತ್ತು ಮಾಡ್ತಾನೆ. ನಾನು ಅಂಥವರನ್ನ ಮಾಡಿದೀನಿ."

ಟ್ರುಯೆಟ್ ಕೈ ಎತ್ತಿದ. ಡೂಯಿ ಕೈ ಎತ್ತಿದ. ಹಾರ್ಲನ್ ಎರಡೂ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು ಕೂತಿದ್ದ. ಮೂವತ್ತೊಂದು ವರ್ಷ ಖಾಲಿ ಇದ್ದ ಸಾಲಿನಲ್ಲಿ ನಾನು ಬರೆದೆ.

ಬುಧವಾರ ಮೊಬೀಲಿನ ಹುಡುಗ ತನ್ನ ಮುಂದಿಟ್ಟ ಮೂರು ಕಾಲೇಜುಗಳ ಟೋಪಿಗಳಲ್ಲಿ ನಮ್ಮದನ್ನು ಬಿಟ್ಟು ಬೇರೆಯದನ್ನು ಎತ್ತಿ ಹಾಕಿಕೊಂಡ, ಟ್ರುಯೆಟ್ ಆ ದಿನ ಕ್ಷೌರದಂಗಡಿ ತೆರೆಯಲಿಲ್ಲ. ಬ್ರಾಕ್ಸ್‌ಟನ್ ಓಗಲ್ಸ್‌ಬಿಯ ಸಹಿ ಪಡೆಯಿತು. ಮರುದಿನ ಶ್ರೇಡರ್‌ಗೂ ಕರೆ ಹೋಯಿತು: ವಿದ್ಯಾರ್ಥಿವೇತನ ಇಲ್ಲ, ಬೇಕಾದರೆ ತಂಡದ ಜೊತೆ ಅಭ್ಯಾಸಕ್ಕೆ ಬರಬಹುದು. ಬರುತ್ತಾನಂತೆ ಎಂದು ಹಾರ್ಲನ್ ಮೇಜಿನ ಎದುರೇ ಹೇಳಿದ.

ಹುಡುಗನ ಮನೆಯಲ್ಲಿ ಸೌದೆ ಇದೆಯೇ ಎಂದು ಡೂಯಿ ಕೇಳಿದ. ಅದು ಪಶ್ಚಿಮ ಟೆಕ್ಸಾಸು, ಸೌದೆ ಇರಬೇಕಾದರೆ ಮೊದಲು ಮರ ಇರಬೇಕು ಎಂದ ಹಾರ್ಲನ್.

ಶುಕ್ರವಾರ ಡೂಯಿ ತನ್ನ ಕೊಡಲಿ ತಂದು ಫ್ರೀಜರಿಗೆ ಒರಗಿಸಿಟ್ಟ. ಹುಡುಗ ಜೂನಿನಲ್ಲಿ ಬರುತ್ತಾನೆ. ಹೋದ ವರ್ಷದ ಬಿರುಗಾಳಿಗೆ ಬಿದ್ದ ಓಕ್ ಮರ ನನ್ನ ಹಿತ್ತಿಲಲ್ಲಿ ಹಾಗೇ ಇದೆ, ಅವನು ಬಂದು ಒಡೆಯುವ ತನಕ ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ನಾನೂ ಹೇಳಿದ್ದೇನೆ.