ಗಾಳಿಯ ತಪ್ಪಲ್ಲ

“ಅಜಾಗರೂಕತೆ ಅಂತೆ! ಯಾರ್ದು, ನಿಂದಾ?” ಮರುಳಸಿದ್ದಯ್ಯ ಮಗಳ ಕೈಯಿಂದ ಫೋನ್ ಕಿತ್ತುಕೊಂಡು, ತಮಗೆ ಓದಲು ಬಾರದ ಇಂಗ್ಲಿಷನ್ನೇ ದುರುಗುಟ್ಟಿಕೊಂಡು ನೋಡಿದರು.

ಯೋಗಿತಾ ಹಾಲ್ಕುರಿಕೆಯ ಮನೆಯ ಪಡಸಾಲೆಯಲ್ಲಿ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಮಲಗಿ ಎರಡು ತಿಂಗಳಾಗಿತ್ತು. ಅವಳು ಗಗನಸಖಿ. ಇಳಿಯಲು ಇಪ್ಪತ್ತು ನಿಮಿಷವಿದ್ದಾಗ ವಿಮಾನ ಗಾಳಿಗೆ ಸಿಕ್ಕಿ ಧೊಪ್ಪನೆ ಕುಸಿದಿತ್ತು. ಊಟದ ಟ್ರಾಲಿಯನ್ನು ಹಾಗೇ ಬಿಟ್ಟು ಕೂತಿದ್ದರೆ ಅದು ಪ್ರಯಾಣಿಕರ ಮೇಲೆ ಹಾರುತ್ತಿತ್ತು. ಅದನ್ನು ಭದ್ರ ಮಾಡಲು ನಿಂತವಳು ತಾನೇ ಚಾವಣಿಗೆ ಬಡಿದು ಟ್ರಾಲಿಯ ಮೇಲೆ ಬಿದ್ದಳು. ಬೆನ್ನುಮೂಳೆ ಬಿರುಕು ಬಿಟ್ಟಿತು. ಪ್ರಯಾಣಿಕರಲ್ಲಿ ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಈಗ ಕಂಪನಿಯವರು ಒಂದು ಹೇಳಿಕೆಯನ್ನು ತಾವೇ ಬರೆದು ಕಳಿಸಿದ್ದರು. ಸಹಿ ಹಾಕಿದರೆ ಏರ್‌ಪೋರ್ಟಿನಲ್ಲಿ ಕೂತು ಮಾಡುವ ಕೆಲಸ, ಇಲ್ಲದಿದ್ದರೆ ಮನೆ. ಮರ್ಯಾದಸ್ಥರು ಬೇರೆ, ‘ಪ್ರೀತಿಯ ಯೋಗಿತಾ’ ಎಂದೇ ಶುರು ಮಾಡಿದ್ದರು.

“ಕೇಸ್ ಹಾಕಣ. ಕೆಲ್ಸ ಮಾಡ್ತಾ ಬಿದ್ರೆ ಕೆಲ್ಸ ಕೊಟ್ಟೋನೇ ಜವಾಬ್ದಾರ ಕಣ್ಲಾ ಚಿತ್ತ, ಏನಂತೀಯ?” ಎಂದರು ಮರುಳಸಿದ್ದಯ್ಯ.

ಎದುರಿನ ಜಗಲಿಯಲ್ಲಿ ಚಿತ್ತಣ್ಣ ಅಟ್ಟದಿಂದ ಇಳಿಸಿದ ಒಣ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಎಂದದ್ದನ್ನು ಬೇರೆ ಗುಡ್ಡೆಗೆ ಹಾಕುತ್ತಿದ್ದ. ಹತ್ತು ವರ್ಷದ ಹಿಂದಿನವರೆಗೂ ಅವನು ದಿನಕ್ಕೆ ನಲವತ್ತು ಮರ ಹತ್ತುತ್ತಿದ್ದ. ಆಷಾಢದ ಒಂದು ಬೆಳಿಗ್ಗೆ ಮರುಳಸಿದ್ದಯ್ಯನವರ ತೋಟದ ಮರದಿಂದಲೇ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಅವನಿಗೂ ಸಿಕ್ಕಿದ್ದು ಕೂತು ಮಾಡುವ ಕೆಲಸ.

“ಅದ್ರಲ್ಲಿ ಏನ್ ಬರ್ದವ್ರೆ, ಒಸಿ ಓದವ್ವ,” ಎಂದ.

ಅಪ್ಪ ಹಿಡಿದಿದ್ದ ಫೋನನ್ನೇ ನೋಡುತ್ತ ಯೋಗಿತಾ ಕನ್ನಡ ಮಾಡಿಕೊಂಡು ಓದಿದಳು. “ಗಾಳಿ ಇದೆ ಎಂದು ಗೊತ್ತಿದ್ದೂ ನಾನು ಎಚ್ಚರ ವಹಿಸಲಿಲ್ಲ. ಬಿದ್ದದ್ದು ನನ್ನ ಅಜಾಗರೂಕತೆಯಿಂದಲೇ. ಇದಕ್ಕೆ ಬೇರೆ ಯಾರೂ...”



“ಬೇರೆ ಯಾರೂ ಹೊಣೆಯಲ್ಲ,” ಎಂದು ಚಿತ್ತಣ್ಣ ಪೂರ್ತಿ ಮಾಡಿದ. ಓದು ಬಾರದವನಿಗೆ ಅದು ಬಾಯಿಪಾಠವಾಗಿತ್ತು. “ನಂಗೆ ನೀನೇ ಬರ್ಕೊಟ್ಟಿದ್ದಲ್ವೇನವ್ವ, ಆಸ್ಪತ್ರೇಲಿ? ನಿನ್ ಅಕ್ಷರ ಮುತ್ತಿನಂಗೈತೆ ಅಂದಿದ್ರು ನರ್ಸಮ್ಮ.”

ಹೌದು, ಅವಳೇ ಬರೆದದ್ದು. ಅಪ್ಪ ಹೇಳುತ್ತ ಹೋಗಿದ್ದರು, ಕೊನೆಗೆ ಚಿತ್ತಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಪಿಯುಸಿ ಓದುತ್ತಿದ್ದ ಹುಡುಗಿ, ಅಜಾಗರೂಕತೆಯ ‘ರೂ’ಗೆ ದೀರ್ಘ ಸರಿಯಾಗಿ ಬಿತ್ತೇ ಎಂದಷ್ಟೇ ನೋಡಿಕೊಂಡಿದ್ದಳು. ಆ ಬೆಳಿಗ್ಗೆ ಮರದ ಬುಡದಲ್ಲಿ ನಿಂತು ಚಿತ್ತಣ್ಣ, “ಗಾಳಿ ಜೋರೈತೆ, ಇವತ್ತು ಬ್ಯಾಡ ಯಜಮಾನ್ರೇ” ಎಂದದ್ದು ಅವಳಿಗೂ ಕೇಳಿಸಿತ್ತು. ಅದನ್ನು ಅಪ್ಪ ಬರೆಸಲಿಲ್ಲ, ಅವಳೂ ಬರೆಯಲಿಲ್ಲ.

ಮರುಳಸಿದ್ದಯ್ಯ ಫೋನನ್ನು ಮಗಳ ಪಕ್ಕದಲ್ಲಿಟ್ಟರು. ಅಷ್ಟು ಹೊತ್ತಿನ ಸಿಟ್ಟು ಎಲ್ಲಿ ಇಳಿದು ಹೋಯಿತೋ. “ಸೈನ್ ಹಾಕ್ಬುಡವ್ವ,” ಎಂದರು. “ದೊಡ್ಡೋರ ಸಾವಾಸ ನಮ್ಗ್ಯಾಕೆ? ಕೂತು ಮಾಡೋ ಕೆಲ್ಸ, ಒಳ್ಳೇದೇ.”

“ಅಪ್ಪಾ, ಚಿತ್ತಣ್ಣನ ಕಾಗ್ದ ಎಲ್ಲೈತೆ?”

“ಬೀರುನಾಗೆ ಇರ್ಬೇಕು. ಯಾಕೆ?”

“ತಗೊಂಬಾ. ಮೊದ್ಲು ಅದನ್ನ ಹರ್ದಾಕು. ಆಮೇಲೆ ನಂದು ನೋಡಣ.”

ಮರುಳಸಿದ್ದಯ್ಯ ಏಳಲಿಲ್ಲ. ಬೀರುವಿನ ಕೀಲಿ ಅವರ ಉಡಿದಾರದಲ್ಲೇ ಇತ್ತು. ಜಗಲಿಯಲ್ಲಿ ಚಿತ್ತಣ್ಣ, ಇನ್ನೊಂದು ಕಾಯಿ ಎತ್ತಿಕೊಳ್ಳುವ ಮೊದಲು, ಎಡಗೈ ಹೆಬ್ಬೆಟ್ಟನ್ನು ಪಂಚೆಗೆ ಉಜ್ಜಿ ಉಜ್ಜಿ ಒರೆಸಿಕೊಂಡ.