ಕತ್ತಲಾಗುವ ಮೊದಲು ಇಪ್ಪತ್ತನಾಲ್ಕು ಪದ

ನಾನು ಒಂದು ಇ-ರೀಡರ್. ಪುಸ್ತಕ ಓದುವುದಕ್ಕೆಂದೇ ಮಾಡಿದ, ಅಂಗೈಗಿಂತ ತುಸು ದೊಡ್ಡದಾದ ಯಂತ್ರ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಎರಡು ಸಾಲುಗಳಿದ್ದವು. ಆಚೆಯ ಸಾಲಿನವರಿಗೆ ಪರದೆಯ ಒಳಗೆ ದೀಪ ಇಟ್ಟರು, ಬದಿಯಲ್ಲಿ ಪುಟ ತಿರುಗಿಸುವ ಗುಂಡಿ ಇಟ್ಟರು, ನೀರು ಬಿದ್ದರೂ ಕೆಡದಂತೆ ಅಂಚು ಮುಚ್ಚಿದರು. ನಮ್ಮ ಸಾಲಿಗೆ ಅವು ಯಾವುವೂ ಬರಲಿಲ್ಲ. ನಾವು ಕಡಿಮೆ ಬೆಲೆಯವರು. ಕೊನೆಯಲ್ಲಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಪರದೆಯನ್ನು ಎರಡು ಸಲ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಒಂದು ಸಲ ಒರೆಸಿದ್ದರೂ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ. ಲೋಕದಲ್ಲಿ ನನಗೆ ಸಿಕ್ಕಿದ ಮೊದಲ ಉಪಚಾರ ಅದು.

ನನ್ನನ್ನು ಕೊಂಡವಳು ಅನುಷಾ. ಪುತ್ತೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುವ ಹುಡುಗಿ. ಹದಿನೈದು ದಿನ ಮೊಬೈಲಿನಲ್ಲಿ ಹತ್ತಾರು ಅಭಿಪ್ರಾಯಗಳನ್ನು ಓದಿ, ಅಳೆದು ತೂಗಿ, ಕೊನೆಗೆ ನನ್ನನ್ನೇ ಆರಿಸಿದಳು. ತಿಂಗಳು ಕಳೆದ ಮೇಲೆ ಗೆಳತಿಯೊಂದಿಗೆ ಫೋನಿನಲ್ಲಿ ನನ್ನ ಜಾತಕವನ್ನೆಲ್ಲ ಹೇಳಿಬಿಟ್ಟಳು.

"ಬ್ಯಾಗಿನ ಸೈಡ್ ಜೇಬಲ್ಲಿ ಹಿಡಿಸ್ತದೆ. ಒಮ್ಮೆ ಚಾರ್ಜ್ ಮಾಡಿದ್ರೆ ಮೂರು ವಾರ ಬರ್ತದೆ. ಬಿಸಿಲಲ್ಲಿ ಕೂತ್ರೂ ಕಾಗದದ ಹಾಗೆ ಓದ್ಲಿಕ್ಕಾಗ್ತದೆ. ಆದ್ರೆ ಸ್ಲೋ ಮಾರಾಯ್ತಿ. ಪುಟ ತಿರುಗಿಸಿದ್ರೆ ಸ್ವಲ್ಪ ಆಲೋಚನೆ ಮಾಡಿ ಮತ್ತೆ ಕೊಡ್ತದೆ. ನನ್ನ ಪಾಠದ ಪುಸ್ತಕದ ಚಿತ್ರ ಎಲ್ಲ ಸಾಸಿವೆಯಷ್ಟು ಕಾಣ್ತದೆ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆರು ತಿಂಗಳಲ್ಲಿ ಅವಳು ದೊಡ್ಡ ಪರದೆಯ, ಬಣ್ಣದ ಇನ್ನೊಂದನ್ನು ತಂದಳು. ನಾನು ಕಿಟಕಿಯ ಪಕ್ಕದ ಮೇಜಿನ ಮೇಲೆ ಉಳಿದೆ.

ಅನುಷಾ ಬಾಡಿಗೆಗಿದ್ದದ್ದು ಮಹಡಿಯ ಮೇಲೆ. ಕೆಳಗೆ ಮನೆಯ ಒಡತಿ ದೇವಕಿ ಟೀಚರ್. ಮೂವತ್ತು ವರ್ಷ ಅಂಗನವಾಡಿಯಲ್ಲಿ ಕಲಿಸಿ ನಿವೃತ್ತರಾದವರು, ಮಹಿಳೆಯರ ತಾಳಮದ್ದಳೆ ಸಂಘಕ್ಕೆ ಭಾಗವತರು. ತಾಳಮದ್ದಳೆ ಎಂದರೆ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ನಡೆಯುವ ಯಕ್ಷಗಾನ. ಭಾಗವತರು ಒಂದು ಪದ, ಎಂದರೆ ಪ್ರಸಂಗದ ಒಂದು ಹಾಡು, ಹೇಳುತ್ತಾರೆ, ಅದಕ್ಕೆ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ, ಮತ್ತೆ ಮುಂದಿನ ಪದ. ಪ್ರತಿ ಆದಿತ್ಯವಾರ ಮಧ್ಯಾಹ್ನ ಕೆಳಗಿನ ಚಾವಡಿಯಲ್ಲಿ ಸಂಘದ ಅಭ್ಯಾಸ. ಮಾತೆಲ್ಲ ಕಿಟಕಿಯಿಂದ ನನ್ನಲ್ಲಿಗೆ ಬರುತ್ತಿತ್ತು.

ಒಂದು ಆದಿತ್ಯವಾರ ಹಾಡು ನಡುವೆಯೇ ನಿಂತಿತು. ಟೀಚರ ಕಣ್ಣಿನ ನಡುಭಾಗ ಮಸುಕಾಗುತ್ತಿತ್ತು. ಬದಿಯ ಬಾಗಿಲು ಕಾಣುತ್ತಿತ್ತು, ಎದುರಿನ ಅಕ್ಷರ ಕಾಣುತ್ತಿರಲಿಲ್ಲ. ಇದು ಕನ್ನಡಕಕ್ಕೆ ಸರಿಹೋಗುವಂಥದಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಡಿಸೆಂಬರಿನಲ್ಲಿ ಟೀಚರಿಗೆ ಹಾಡು ಕಲಿಸಿದ ಗುರುಗಳ ನೆನಪಿನ ಕಾರ್ಯಕ್ರಮ. ಗುರುಗಳೇ ಬರೆದಿಟ್ಟು ಹೋದ, ಅಚ್ಚಾಗದ, ಒಮ್ಮೆಯೂ ಪ್ರದರ್ಶನವಾಗದ ಪ್ರಸಂಗವನ್ನು ಅಂದು ಆಡಿಸಬೇಕು. ಒಬ್ಬ ರಾಣಿ ತನ್ನ ಮಂತ್ರಿಯ ಹಟದ ಎದುರು ನಿಂತು ರಾಜ್ಯ ಉಳಿಸಿಕೊಳ್ಳುವ ಕತೆ. ಒಟ್ಟು ಅರವತ್ತೆರಡು ಪದ. ಎಲ್ಲವೂ ಒಂದೇ ನೋಟುಪುಸ್ತಕದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

"ದೇವಕಿಯಕ್ಕ, ಬೇಸರ ಮಾಡ್ಬೇಡಿ," ಎಂದಿತು ಒಂದು ಗಟ್ಟಿ ಸ್ವರ. ಅದು ಜಲಜಾಕ್ಷಿ. ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವರು, ಸಂಘದ ಮುಖ್ಯ ಅರ್ಥಧಾರಿ. "ಈ ಸಲಕ್ಕೆ ಹೊರಗಿನ ಭಾಗವತರನ್ನು ಕರೆಸುವ. ನೀವು ಎದುರು ಕುರ್ಚಿಯಲ್ಲಿ ಕೂತ್ಕೊಳ್ಳಿ."

"ಎದುರು ಕುರ್ಚಿಯಲ್ಲಿ ಕೂರುವಷ್ಟು ದೊಡ್ಡ ಜನ ನಾನಿನ್ನೂ ಆಗ್ಲಿಲ್ಲ ಜಲಜಾ," ಎಂದರು ಟೀಚರ್. "ಅರವತ್ತೆರಡೂ ಪದ ನಾನೇ ಹೇಳ್ತೇನೆ."

"ಹೇಗೆ ಹೇಳ್ತೀರಿ? ಅಕ್ಷರ ಕಾಣ್ಬೇಡ್ವಾ?"

"ಅದನ್ನು ನೋಡುವ."

ಆ ಸಂಜೆಯೇ ಅನುಷಾ ನನ್ನನ್ನು ಹಿಡಿದುಕೊಂಡು ಕೆಳಗಿಳಿದಳು. ಅಕ್ಷರವನ್ನು ದೊಡ್ಡದು ಮಾಡಿ ಟೀಚರ ಕೈಯಲ್ಲಿಟ್ಟಳು. ಅವರು ಮುಖವನ್ನು ಸ್ವಲ್ಪ ಓರೆ ಮಾಡಿ, ಕಣ್ಣಂಚಿನಿಂದ ನನ್ನನ್ನು ನೋಡಿದರು. ಮೊಬೈಲಿನಲ್ಲಿ ಅವರು ಆಗಲೇ ಪ್ರಯತ್ನಿಸಿ ಸೋತಿದ್ದರು, ಅದರ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ನನ್ನಲ್ಲಿ ಬೆಳಕೇ ಇಲ್ಲ. ಅಷ್ಟು ದಿನ ಕೊರತೆಯೆಂದು ಎಣಿಸಿದ್ದು ಅವತ್ತು ಒಬ್ಬರಿಗೆ ಹಿತವಾಯಿತು.

"ಸ್ಲೇಟಿನ ಹಾಗೆ ಉಂಟು," ಎಂದರು. ಅಂದಿನಿಂದ ನನ್ನ ಹೆಸರು ಸ್ಲೇಟು.

ಆದರೆ ನೋಟುಪುಸ್ತಕದಲ್ಲಿದ್ದದ್ದು ನನ್ನೊಳಗೆ ಬರುವುದು ಹೇಗೆ? ಯಾರಾದರೂ ಟೈಪ್ ಮಾಡಬೇಕು. ಅನುಷಾಳಿಗೆ ಪರೀಕ್ಷೆಯ ಕೆಲಸ. ಮುಂದಿನ ಅಭ್ಯಾಸದ ದಿನ ಜಲಜಾಕ್ಷಿ ಏನೂ ಹೇಳದೆ ಆ ಪುಸ್ತಕವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಹನ್ನೊಂದು ದಿನದ ಮೇಲೆ ಅರವತ್ತೆರಡೂ ಪದ ಅನುಷಾಳ ಮೊಬೈಲಿಗೆ ಬಂದವು.

"ಅಂಗಡಿಯಲ್ಲಿ ಕೆಲಸ ಇರ್ಲಿಲ್ಲ, ಕುಟ್ಟಿದೆ," ಎಂದರು. ಅದು ದಸರಾದ ಸಮಯ. ಅಂಗಡಿಯಲ್ಲಿ ಹೊಲಿಯದ ರವಿಕೆಗಳು ಮೊಣಕಾಲೆತ್ತರ ಇದ್ದವೆಂದು ಅನುಷಾ ಆಮೇಲೆ ಟೀಚರಿಗೆ ಹೇಳಿದಳು.

ಮೊದಲು ನಾನು ಒತ್ತಕ್ಷರಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದೆ. ಅನುಷಾ ಬೇರೊಂದು ಅಕ್ಷರಶೈಲಿ ಹಾಕಿ ಸರಿಮಾಡಿದಳು. ಆಮೇಲೆ ಟೀಚರ ಹಳೆಯ ಅಭ್ಯಾಸ ಅಡ್ಡ ಬಂತು. ಪುಟ ತಿರುಗಿಸುವ ಮೊದಲು ಅವರು ಬೆರಳ ತುದಿಯನ್ನು ನಾಲಗೆಗೆ ತಾಗಿಸುತ್ತಿದ್ದರು. ಒದ್ದೆ ಬೆರಳು ಬಿದ್ದರೆ ನನಗೆ ದಿಕ್ಕು ತೋಚದು. ಮಂತ್ರಿಯ ಸಭೆಯಿಂದ ನೇರ ಯುದ್ಧಕ್ಕೆ ಹಾರಿಬಿಟ್ಟೆ.

"ಸ್ಲೇಟಿಗೆ ಎಂಜಲು ಹಚ್ಚಿದ್ರೆ ಮಕ್ಕಳಿಗೆ ನೀವೇ ಬೈತಿದ್ರಲ್ಲ ಟೀಚರೇ," ಎಂದರು ಸಂಘಕ್ಕೆ ಮದ್ದಳೆ ಬಾರಿಸುವ ಕೊರಗಪ್ಪಣ್ಣ.

ಟೀಚರ್ ನಕ್ಕು ಸೆರಗಿನಿಂದ ನನ್ನನ್ನು ಒರೆಸಿದರು. ಆ ಚಾಳಿ ಬಿಡಲು ಅವರಿಗೆ ಮೂರು ವಾರ ಹಿಡಿಯಿತು.

ದೊಡ್ಡ ತೊಂದರೆ ನನ್ನ ನಿಧಾನ. ಅಕ್ಷರ ದೊಡ್ಡದಾದ್ದರಿಂದ ಒಂದು ಪದಕ್ಕೆ ಮೂರು ನಾಲ್ಕು ಪುಟ ಬೇಕು. ಟೀಚರ ಎಡಗೈಯಲ್ಲಿ ಜಾಗಟೆ, ಬಲಗೈಯಲ್ಲಿ ಕೋಲು. ಕಿರುಬೆರಳ ಗೆಣ್ಣಿನಿಂದ ಮುಟ್ಟಿದರೆ ನಾನು ಒಮ್ಮೆ ಪೂರ್ತಿ ಕಪ್ಪಾಗಿ, ಮತ್ತೆ ಬಿಳಿಯಾಗಿ, ಆಮೇಲೆ ಸಾಲು ಕೊಡುತ್ತಿದ್ದೆ. ಅಷ್ಟರಲ್ಲಿ ತಾಳ ತಪ್ಪುತ್ತಿತ್ತು.

ಕೊರಗಪ್ಪಣ್ಣ ಹೇಳಿದರು, "ಅದು ಓಡುವುದಿಲ್ಲಾಂತಾದ್ರೆ ನಾವು ನಿಲ್ಲುವ. ಪುಟ ಮುಗಿದಲ್ಲಿ ನಾನು ಒಂದು ಸುತ್ತು ಹೆಚ್ಚು ಬಾರಿಸ್ತೇನೆ. ನೀವು ಮೆಲ್ಲ ಮುಟ್ಟಿ."

ಆಮೇಲೆ ಸಾಲಿನ ಕೊನೆಗೇ ಪುಟ ಮುಗಿಯುವಂತೆ ಅನುಷಾ ಎಲ್ಲವನ್ನೂ ಕತ್ತರಿಸಿ ಕೂಡಿಸಿದಳು. ಪುಟ ಮುಗಿದಲ್ಲೆಲ್ಲ ಮದ್ದಳೆ ಒಂದು ಸುತ್ತು ನುಡಿಯಿತು. ನನ್ನ ಕುಂಟು ಹಾಡಿನೊಳಗೆ ಸೇರಿಹೋಯಿತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಎರಡು ಗಂಟೆಗೆ ನನ್ನನ್ನು ವ್ಯಾಸಪೀಠದ ಮೇಲಿಟ್ಟರು. ಪೇಟೆಯ ಒಂದು ಸಭಾಭವನ, ನೂರೈವತ್ತು ಜನ, ಎದುರು ಸಾಲಿನಲ್ಲಿ ಗುರುಗಳ ಜೊತೆಗಾರರಾಗಿದ್ದ ಹಿರಿಯ ಕಲಾವಿದರೊಬ್ಬರು. ಮೂವತ್ತೆಂಟು ಪದ ಚೆನ್ನಾಗಿ ನಡೆದವು. ನಾಲ್ಕೂವರೆಗೆ ಕರೆಂಟು ಹೋಯಿತು. ಕಿಟಕಿ ಕಡಿಮೆಯಿದ್ದ ಭವನ ಒಮ್ಮೆಲೇ ಮಬ್ಬಾಯಿತು. ನನ್ನ ಮೇಲಿನ ಅಕ್ಷರಗಳೂ ಮಬ್ಬಾದವು.

ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ರಾತ್ರಿಯಾಗಬಹುದು ಎಂದು ಯಾರೋ ಬಂದು ಹೇಳಿದರು. ಒಬ್ಬರು ಮೊಬೈಲಿನ ಟಾರ್ಚು ಹಿಡಿದರು. ಟೀಚರ್ ಕಣ್ಣು ಮುಚ್ಚಿಕೊಂಡು, ಬೇಡ ಎಂದು ಕೈ ಆಡಿಸಿದರು.

"ನಿಲ್ಲಿಸುವನಾ ಟೀಚರೇ? ಯಾರೂ ತಪ್ಪು ಹೇಳ್ಲಿಕ್ಕಿಲ್ಲ," ಎಂದರು ಕೊರಗಪ್ಪಣ್ಣ.

"ಹೊರಗೆ ಬೆಳಕು ಉಂಟಲ್ಲ," ಎಂದರು ಟೀಚರ್. ಜಾಗಟೆ ಕೆಳಗಿಟ್ಟು ನನ್ನನ್ನು ಎತ್ತಿಕೊಂಡರು. "ಜಗಲಿಗೆ ಹೋಗುವ. ಇಪ್ಪತ್ತನಾಲ್ಕು ಪದ ಬಾಕಿ. ಕತ್ತಲಾಗುವ ಮೊದಲು ಮುಗಿಸುವ."

ವೇಷವಿಲ್ಲದ ಆಟಕ್ಕೆ ಅದೊಂದು ಅನುಕೂಲ. ಹತ್ತು ನಿಮಿಷದಲ್ಲಿ ಚಾಪೆ, ಮದ್ದಳೆ, ವ್ಯಾಸಪೀಠ ಎಲ್ಲ ಹೊರಗಿನ ಜಗಲಿಗೆ ಬಂದವು. ಜನ ಕುರ್ಚಿ ಹೊತ್ತುಕೊಂಡು ಬಂದು ಅಂಗಳದಲ್ಲಿ ಕೂತರು. ಮೈಕಿಲ್ಲದ್ದರಿಂದ ಹತ್ತಿರ ಹತ್ತಿರ ಕೂತರು. ಪಡುವಣದ ಬಿಸಿಲು ನೇರವಾಗಿ ನನ್ನ ಮೇಲೆ ಬಿತ್ತು. ಬೇರೆ ಪರದೆಯಾಗಿದ್ದರೆ ಕನ್ನಡಿಯಂತೆ ಹೊಳೆದು ಬರೀ ಆಕಾಶ ತೋರಿಸುತ್ತಿತ್ತು. ನನ್ನಲ್ಲಿ ಅಕ್ಷರಗಳು ಎಂದಿಗಿಂತ ಕಪ್ಪಾಗಿ ನಿಂತವು.

ಆದರೆ ಇದ್ದದ್ದು ಒಂದೂವರೆ ಗಂಟೆಯ ಬೆಳಕು. ಉಳಿದ ಪದಗಳಲ್ಲಿ ಹೆಚ್ಚಿನವು ಮಂತ್ರಿಯವು, ಮಂತ್ರಿಯ ಪಾತ್ರ ಜಲಜಾಕ್ಷಿಯವರದು. ಅವರು ಅರ್ಥಕ್ಕೆ ಕೂತರೆ ಸಭೆಯವರು ಹೋಟೆಲಿಗೆ ಹೋಗಿ ಚಹಾ ಕುಡಿದು ಬರಬಹುದೆಂದು ಊರಲ್ಲೆಲ್ಲ ತಮಾಷೆ. ಈ ಪಾತ್ರಕ್ಕಾಗಿ ಅವರು ಎರಡು ತಿಂಗಳು ಮಾತು ಕಟ್ಟಿದ್ದರು. ಮಂತ್ರಿ ರಾಣಿಯನ್ನು ಪ್ರಶ್ನಿಸುವ ಪದವನ್ನು ಟೀಚರ್ ಹಾಡಿ ನಿಲ್ಲಿಸಿದರು. ಎಲ್ಲರೂ ಬೆನ್ನು ಒರಗಿಸಿ ಕೂತರು. ಜಲಜಾಕ್ಷಿ ಒಮ್ಮೆ ಸೂರ್ಯನ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು.

"ಮಹಾರಾಣಿ, ರಾಜ್ಯಭಾರ ಮಾಡಲು ಕೈಯಲ್ಲಿ ಬಲ ಬೇಕು. ನಿಮ್ಮ ಕೈಯಲ್ಲಿ ಅದಿಲ್ಲವೆಂದು ನಾನು ಹೇಳುತ್ತೇನೆ. ಇದೆಯೆಂದಾದರೆ ತೋರಿಸಿ."

ಅಷ್ಟೇ. ಮಾತು ಮುಗಿಸಿ, ಮುಂದಿನ ಪದ ಎಂದು ಟೀಚರಿಗೆ ಸನ್ನೆ ಮಾಡಿದರು. ಸಭೆ ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಜೋರಾಗಿ ಚಪ್ಪಾಳೆ ಬಿತ್ತು. ಕಟ್ಟಿಟ್ಟ ಮಾತನ್ನು ನುಂಗಿಕೊಳ್ಳುವುದು ಅರ್ಥಧಾರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ಅಭ್ಯಾಸದ ದಿನಗಳಲ್ಲಿ ಆ ಮಾತೆಲ್ಲ ಕೇಳಿದವನು ನಾನು. ಅವತ್ತು ಪ್ರತಿ ಪದಕ್ಕೂ ಅವರು ಆಡಿದ್ದು ಮೂರು ವಾಕ್ಯ, ನಾಲ್ಕು ವಾಕ್ಯ. ಉಳಿದವರೂ ಅವರನ್ನು ನೋಡಿ ಚುಟುಕಾದರು.

ಐವತ್ತೈದನೆಯ ಪದದ ಹೊತ್ತಿಗೆ ಬಿಸಿಲು ಗೋಡೆ ಹತ್ತಿತು. ಅರವತ್ತಕ್ಕೆ ಸೂರ್ಯ ಎದುರಿನ ಕಟ್ಟಡದ ಹಿಂದೆ ಇಳಿದ. ಟೀಚರ್ ಅಕ್ಷರವನ್ನು ಇನ್ನೂ ದೊಡ್ಡದು ಮಾಡಿದರು. ಪುಟಕ್ಕೆ ಒಂದೇ ಸಾಲು ಹಿಡಿಯಿತು. ಸಾಲು ಸಾಲಿಗೂ ಕೊರಗಪ್ಪಣ್ಣ ಒಂದು ಸುತ್ತು ಬಾರಿಸಿದರು, ಸಾಲು ಸಾಲಿಗೂ ಟೀಚರ್ ಬಗ್ಗಿ ಕಣ್ಣಂಚಿನಿಂದ ನನ್ನನ್ನು ಓದಿದರು. ಕೊನೆಯ ಪದದಲ್ಲಿ ಅವರ ಹಣೆಯ ಬೆವರು ನನ್ನ ಅಂಚಿಗೆ ಬಿತ್ತು. ನೀರಾದರೆ ನಾನು ಕೆಡುವವನು. ಅವತ್ತು ಕೆಡಲಿಲ್ಲ. ಅರವತ್ತೆರಡನೆಯ ಪದದ ಕೊನೆಯ ಸಾಲು ಅವರ ಬಾಯಿಂದ ಬಂದಾಗ ಜಗಲಿಯಲ್ಲಿ ಮುಖಗಳ ಗುರುತು ಸಿಗುತ್ತಿರಲಿಲ್ಲ.

ಹಿರಿಯ ಕಲಾವಿದರು ಹತ್ತಿರ ಬಂದು, "ಸಾಲಿನ ನಡುವೆ ಆ ಒಂದು ಸುತ್ತು ಮದ್ದಳೆ, ಅದು ನಿಮ್ಮ ಗುರುಗಳದ್ದೇ ಕ್ರಮ ಅಲ್ವಾ? ನಾನು ಮರೆತೇಬಿಟ್ಟಿದ್ದೆ," ಎಂದರು.

ಟೀಚರ್ ಏನೋ ಹೇಳಹೊರಟರು. ಜಲಜಾಕ್ಷಿ ಮುಂದೆ ಬಂದು, "ಹೌದು ಹೌದು, ಹಳೇ ಕ್ರಮ. ಈಗ ಯಾರಿಗೂ ಬರುವುದಿಲ್ಲ," ಎಂದರು. ಕೊರಗಪ್ಪಣ್ಣ ಮದ್ದಳೆಗೆ ಬಟ್ಟೆ ಸುತ್ತುವ ನೆವದಲ್ಲಿ ಆಚೆ ತಿರುಗಿದರು.

ಇದಾಗಿ ನಾಲ್ಕು ವರ್ಷ. ನನಗೆ ಮುಪ್ಪು ಬಂದಿದೆ. ಮೂರು ವಾರ ಬರುತ್ತಿದ್ದ ಚಾರ್ಜು ಮೂರು ದಿನಕ್ಕೆ ಇಳಿದಿದೆ, ಕೆಳಗಿನ ಬಲ ಮೂಲೆಯಲ್ಲಿ ಒಂದು ಬೂದು ಗೆರೆ ಅಳಿಸದೆ ಉಳಿದಿದೆ. ಟೀಚರ ಕಣ್ಣೂ ಇನ್ನಷ್ಟು ಮಸುಕಾಗಿದೆ. ಅಕ್ಷರವನ್ನು ಎಷ್ಟು ದೊಡ್ಡದು ಮಾಡಲು ನನಗೆ ಬರುತ್ತದೋ ಅಷ್ಟನ್ನೂ ಮಾಡಿಯಾಯಿತು, ಈಗ ಅದೂ ಅವರಿಗೆ ಕಾಣುವುದಿಲ್ಲ. ನನ್ನ ಸಾಲಿನವರಿಗೆ ಓದಿ ಹೇಳುವ ದನಿಯನ್ನು ಯಾರೂ ಕೊಟ್ಟಿರಲಿಲ್ಲ.

ಹಾಗೆಂದು ನನ್ನನ್ನು ಮೂಲೆಗೆ ಹಾಕಿಲ್ಲ. ನಾನೀಗ ಟೈಲರಿಂಗ್ ಅಂಗಡಿಯಲ್ಲಿ, ಸೀಮೆಸುಣ್ಣ ಮತ್ತು ಅಳತೆ ಪಟ್ಟಿಯ ಪಕ್ಕದಲ್ಲಿ ಇರುತ್ತೇನೆ. ಗುರುಗಳ ಇನ್ನೂ ಎರಡು ಪ್ರಸಂಗಗಳು ನನ್ನೊಳಗಿವೆ. ದಿನಾ ಬೆಳಿಗ್ಗೆ ಹತ್ತಕ್ಕೆ ಟೀಚರ್ ಕೋಲೂರಿಕೊಂಡು ಬರುತ್ತಾರೆ. ಜಲಜಾಕ್ಷಿ ಮಿಷನ್ ನಿಲ್ಲಿಸಿ, ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಾರೆ. ಟೀಚರ್ ಅದನ್ನು ಹಾಡಿ ಬಾಯಿಪಾಠ ಮಾಡುತ್ತಾರೆ. ದಿನಕ್ಕೆ ಒಂದೇ ಪದ. ಆದಿತ್ಯವಾರದ ಅಭ್ಯಾಸದಲ್ಲಿ ಆ ವಾರದ್ದನ್ನು ತಪ್ಪಿಲ್ಲದೆ ಒಪ್ಪಿಸಬೇಕೆಂದು ಅವರೇ ಹಾಕಿಕೊಂಡ ನಿಯಮ.

ನನ್ನಲ್ಲಿ ಇಲ್ಲದ್ದನ್ನು ಲೆಕ್ಕ ಹಾಕುತ್ತ ಹೋದರೆ ಪಟ್ಟಿ ಉದ್ದವಾಗುತ್ತದೆ. ದೀಪವಿಲ್ಲ, ಗುಂಡಿಯಿಲ್ಲ, ದನಿಯಿಲ್ಲ, ವೇಗವಿಲ್ಲ. ಆದರೆ ಇಲ್ಲದ ಒಂದೊಂದು ಕಡೆಯಲ್ಲೂ ಯಾರಾದರೊಬ್ಬರು ಬಂದು ಕೂತರು. ಎಲ್ಲ ಇದ್ದಿದ್ದರೆ ಅವರ ಪರಿಚಯವೇ ನನಗೆ ಆಗುತ್ತಿರಲಿಲ್ಲ.

ಇವತ್ತು ನಲವತ್ತನೆಯ ಪದ. ಎರಡನೆಯ ಸಾಲು ಟೀಚರಿಗೆ ಐದು ಸಲ ತಪ್ಪಿದೆ. ಹೊರಗೆ ಬಾಗಿಲಲ್ಲಿ ಗಿರಾಕಿ ನಿಂತಿದ್ದಾರೆ.

"ನಾಳೆ ನೋಡುವನಾ ದೇವಕಿಯಕ್ಕ?"

"ಬೇಡ. ಅವರನ್ನು ಒಳಗೆ ಕರೆದು ಕೂರಿಸು," ಎಂದರು ಟೀಚರ್. "ಈಗ ಇನ್ನೊಮ್ಮೆ ಓದು. ಮೆಲ್ಲ ಓದು."